ಮಜೀದಸಾಬರು ಮನಸ್ಸು ಓದಿದ್ದು

ಮಜೀದಸಾಬರ ಎಡಗಾಲಿನ ಮೇಲೆ ಫರ್ಸಿ ಕಲ್ಲು ಬಿದ್ದದ್ದು ಒಂದು ಮಂಗಳವಾರ ಬೆಳಿಗ್ಗೆ, ಹನ್ನೊಂದು ಜನರ ಕಣ್ಣೆದುರಿಗೇ.

ಶಹಾಬಾದದ ಹೊರಗೆ ಶಂಕರಲಿಂಗ ಸಾವ್ಕಾರರ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಅವರು ಮೇಸ್ತ್ರಿ. ಆಳುಗಳ ಬಾಯಲ್ಲಿ ಉಸ್ತಾದ. ವಯಸ್ಸು ಐವತ್ತೇಳು. ಹದಿಮೂರನೆಯ ವಯಸ್ಸಿಗೆ ಅಪ್ಪನ ಹಿಂದೆ ಖಣಿಗೆ ಇಳಿದವರು ಅಲ್ಲಿಂದ ಇಲ್ಲಿಯತನಕ ಕಲ್ಲಿನ ಸಂಗ ಬಿಟ್ಟವರಲ್ಲ. ನೆಲಕ್ಕೆ ಹಾಸುವ ಫರ್ಸಿಯನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು, “ಇದರ ಹೊಟ್ಯಾಗ ಬಿರುಕು ಅದ” ಎಂದರೆ ಅದರ ಹೊಟ್ಟೆಯಲ್ಲಿ ಬಿರುಕು ಇದ್ದೇ ಇರುತ್ತಿತ್ತು. ಮನುಷ್ಯರ ವಿಷಯದಲ್ಲಿ ಮಾತ್ರ ಅವರಿಗೆ ಅಂಥ ಕಿವಿ ಇರಲಿಲ್ಲ. ಮನುಷ್ಯರನ್ನು ಅವರು ತಟ್ಟಿ ನೋಡುತ್ತಿರಲಿಲ್ಲ, ನೇರವಾಗಿ ಬೈಯುತ್ತಿದ್ದರು.

ಆ ದಿನ ಕಲ್ಲು ಜಾರಿ ಪಾದದ ಮೇಲೆ ಕೂತಾಗ ಮಜೀದಸಾಬರೂ ಇದ್ದಲ್ಲೇ ಕೂತುಬಿಟ್ಟರು. ಹನ್ನೊಂದೂ ಆಳುಗಳು ಓಡಿ ಬಂದು ಕಲ್ಲೆತ್ತಿ, ಸುತ್ತ ನಿಂತರು. “ಆಟೋ ಕರೀರಿ” ಎಂದ ಒಬ್ಬ. “ಹೌದು, ಆಟೋ ಕರೀಬೇಕು” ಎಂದ ಇನ್ನೊಬ್ಬ. ತುಸು ಹೊತ್ತಿನ ಮೇಲೆ ಮೂರನೆಯವನಾದ ನರಸಪ್ಪ, “ಇನ್ನಾ ಆಟೋ ಬಂದಿಲ್ಲೇನು?” ಎಂದು ರಸ್ತೆಯ ಕಡೆ ಇಣುಕಿ ನೋಡಿದ. ಕರೆದವರು ಯಾರೂ ಇರಲಿಲ್ಲ. ಹನ್ನೊಂದು ಕಿಸೆಗಳಲ್ಲಿ ಹನ್ನೊಂದು ಫೋನುಗಳು ಬೆಚ್ಚಗೆ ಮಲಗಿದ್ದವು. ಕೊನೆಗೆ ಚಹಾದ ಗ್ಲಾಸು ಒಯ್ಯಲು ಬಂದ ಚಹಾ-ಭಜಿ ಅಂಗಡಿಯ ಭೀಮಮ್ಮ ಗುಂಪನ್ನು ಸರಿಸಿ ಒಳಗೆ ಬಂದಳು.

“ಹನ್ನೊಂದು ಮಂದಿ ಗಂಡಸರು ನಿಂತು ಒಂದು ಕಾಲು ನೋಡ್ಲಿಕತ್ತೀರಿ. ಅದೇನು ಬೆಳೀತದೇನು?” ಎಂದು ಬೈದು, ಅವಳೇ ಫೋನ್ ಮಾಡಿ ಆಟೋ ಕರೆಸಿದಳು.

ಪಾದದ ಎರಡು ಎಲುಬು ಮುರಿದಿದ್ದವು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ನೆಲಕ್ಕೆ ಕಾಲು ಊರಕೂಡದು ಎಂದರು. ಕಾಲಿನ ನೋವಿಗಿಂತ ಆ ಹನ್ನೊಂದು ಜನ ನಿಂತು ನೋಡಿದ್ದೇ ಮಜೀದಸಾಬರನ್ನು ಹೆಚ್ಚು ಕೊರೆಯುತ್ತಿತ್ತು. ಹದಿನೆಂಟು ವರ್ಷ ಸಾಕಿದ ಮಂದಿ! ವಾಪಸ್ ಹೋದ ದಿನವೇ ಒಬ್ಬೊಬ್ಬರನ್ನು ಸಾಲಾಗಿ ನಿಲ್ಲಿಸಿ ಏನೇನು ಬೈಯಬೇಕೆಂದು ಮಂಚದ ಮೇಲೆ ಮಲಗಿಯೇ ತಯಾರಿ ನಡೆಸಿದರು.

ಆದರೆ ಬೈಯುವ ಚಟ ಆರು ವಾರ ಕಾಯುವಂಥದ್ದಲ್ಲ. ನಾಲ್ಕನೆಯ ದಿನಕ್ಕೆ ಮನೆಯಲ್ಲೇ ಮೇಸ್ತ್ರಿಕೆ ಶುರುವಾಯಿತು. ಹೆಂಡತಿ ತಾಜುನ್ನಿಸಾ ಉಳ್ಳಾಗಡ್ಡಿ ಹೆಚ್ಚುವಾಗ ಮಂಚದಿಂದಲೇ, “ಹಂಗಲ್ಲ, ಅಡ್ಡ ಹೆಚ್ಚಬೇಕು” ಎಂದರು. ಐದನೆಯ ದಿನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಅಳತೆಯ ಪ್ರಕಾರ ಜೋಡಿಸಲು ಹೇಳಿದರು. ಆರನೆಯ ದಿನ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿ, “ಒಂದೇ ಸಮ ಬಡೀವಲ್ಲಿ, ನಡುವ ಬಿಡ್ಲಿಕತ್ತೀ” ಎಂದರು. ತಾಜುನ್ನಿಸಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಜಬೀನಾ, ಒಂದೋ ನಿಮ್ಮ ಮಾವನ ಬಾಯಿಗೂ ಪ್ಲಾಸ್ಟರ್ ಹಾಕಿಸು, ಇಲ್ಲಂದ್ರ ಏನಾರ ಕೆಲಸ ಹಚ್ಚು.”

ಜಬೀನಾ ಸೊಸೆ, ಚಿಂಚೋಳಿಯ ಹುಡುಗಿ. ಕನ್ನಡ ಶಾಲೆಯಲ್ಲಿ ಓದಿ, ಬಿ.ಎಡ್. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂತಿದ್ದಳು. ಗಂಡ ಮುಬೀನನಿಗೆ ವಾಡಿಯಲ್ಲಿ ಪಾಳಿಯ ಕೆಲಸ. ಅವನು ಮನೆಗೆ ಬರುವುದು ಮಲಗುವುದಕ್ಕಷ್ಟೇ. ಪಾಠ ಒಪ್ಪಿಸಿಕೊಳ್ಳುವವರು ಯಾರೂ ಇಲ್ಲವೆಂದು ಅವಳು ಗೋಡೆಗೆ ಪಾಠ ಹೇಳುತ್ತಿದ್ದಳು. ಈಗ ಮಾವನ ಕೈಗೆ ದಪ್ಪನೆಯ ಗೈಡ್ ಕೊಟ್ಟು, “ಅಬ್ಬಾ, ನೀವು ಪ್ರಶ್ನಿ ಕೇಳ್ರಿ, ನಾ ಉತ್ತರ ಹೇಳ್ತೀನಿ. ತಪ್ಪಾದ್ರ ಬೈರಿ” ಎಂದಳು.

ಬೈಯಲು ಪರವಾನಗಿ ಸಿಕ್ಕಿತೆಂದು ಮಜೀದಸಾಬರು ಕನ್ನಡಕ ಏರಿಸಿಕೊಂಡರು. ಅವರು ಓದಿದ್ದು ಏಳನೆಯ ಇಯತ್ತೆ, ಅದೂ ಕನ್ನಡದಲ್ಲೇ. ಮನೆಯ ಮಾತು ದಖ್ಖನಿಯಾದರೂ ಪಾಠದ ಹೊತ್ತಿಗೆ ಮನೆಯೆಲ್ಲ ಕನ್ನಡವಾಗುತ್ತಿತ್ತು. ಪುಸ್ತಕದ ಹೆಸರು ಮನಃಶಾಸ್ತ್ರ. ಹುಚ್ಚರಿಗೆ ಸಂಬಂಧಪಟ್ಟದ್ದಿರಬೇಕು ಎಂದುಕೊಂಡು, ಎಲ್ಲೋ ನಡುವೆ ತೆರೆದು ಕೇಳಿದರು: “ಗುಂಪಿನಲ್ಲಿ ವ್ಯಕ್ತಿಯ ವರ್ತನೆಯನ್ನು ವಿವರಿಸಿ.”

ಜಬೀನಾ ಕಣ್ಣು ಮುಚ್ಚಿ ಶುರು ಮಾಡಿದಳು. “ಸಹಾಯ ಬೇಕಾದ ವ್ಯಕ್ತಿಯ ಸುತ್ತ ಜನ ಹೆಚ್ಚಾದಷ್ಟೂ ಪ್ರತಿಯೊಬ್ಬನಲ್ಲಿ ಜವಾಬ್ದಾರಿಯ ಭಾವನೆ ಕಡಿಮೆಯಾಗುತ್ತದೆ. ಬೇರೆ ಯಾರಾದರೂ ಮಾಡುತ್ತಾರೆ ಎಂದು ಎಲ್ಲರೂ ಕಾಯುತ್ತಾರೆ. ಆದಕಾರಣ ಯಾರೂ ಮಾಡುವುದಿಲ್ಲ.”

ಮಜೀದಸಾಬರು ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡರು.

“ಇನ್ನೊಮ್ಮೆ ಹೇಳಮ್ಮ.”

ಅವಳು ಇನ್ನೊಮ್ಮೆ ಹೇಳಿದಳು.

“ಇದು ಬರದಾಂವ ನಮ್ಮ ಕಾರ್ಖಾನಿಗೆ ಬಂದಿದ್ದನೇನು?”

“ಇಲ್ಲ ಅಬ್ಬಾ. ಇದು ಪರದೇಶದಾಗ ಮಾಡಿದ ಪ್ರಯೋಗ.”

“ಅಂದ್ರ ಅಲ್ಲೂ ನಮ್ಮ ನರಸಪ್ಪನಂಥೋರು ಅದಾರ!” ಎಂದರು ಮಜೀದಸಾಬರು. ಹನ್ನೊಂದು ಜನರ ಮೇಲಿದ್ದ ಸಿಟ್ಟು ಅದೇ ಮಧ್ಯಾಹ್ನ ಅರ್ಧ ಇಳಿಯಿತು. ಅವರು ಕೆಟ್ಟವರಲ್ಲ, ಹೆಚ್ಚಾಗಿದ್ದರು ಅಷ್ಟೇ.

ಅಂದಿನಿಂದ ಪಾಠಕ್ಕೆ ಅವಳಿಗಿಂತ ಅವರೇ ಮೊದಲು ತಯಾರಾಗಿ ಕೂರತೊಡಗಿದರು. ನೆನಪಿನ ಪಾಠ ಬಂದಾಗ ಜಬೀನಾ ಅವರ ಮೇಲೆಯೇ ಪ್ರಯೋಗ ಮಾಡಿದಳು. ಹದಿನೈದು ಶಬ್ದಗಳನ್ನು ಒಂದಾದ ಮೇಲೊಂದು ಓದಿ, ನೆನಪಿದ್ದಷ್ಟು ಹೇಳಿರೆಂದಳು. ಅವರು ಮೊದಲಿನ ನಾಲ್ಕು ಹೇಳಿದರು, ಕೊನೆಯ ಮೂರು ಹೇಳಿದರು, ನಡುವಿನದೆಲ್ಲ ಗಾಳಿಗೆ ಹೋಗಿತ್ತು. ಗೈಡಿನಲ್ಲಿ ಬರೆದದ್ದೂ ಅದೇ: ಮೊದಲಿನದು, ಕೊನೆಯದು ಉಳಿಯುತ್ತವೆ, ನಡುವಿನದು ಅಳಿಯುತ್ತದೆ.

ಮಜೀದಸಾಬರು ಅಡುಗೆಮನೆಗೆ ಕೇಳುವ ಹಾಗೆ ಕೂಗಿದರು. “ಕೇಳಿದೇನು? ಮೂವತ್ನಾಲ್ಕು ವರ್ಷದಿಂದ ಬಜಾರದಾಗ ಜೀರಿಗಿ ಮರತು ಬರ್ತೀನಿ ಅಂತ ಬೈತಿದ್ದಿ. ತಪ್ಪು ನಂದಲ್ಲ. ಜೀರಿಗಿ ನೀ ನಡುವ ಹೇಳ್ತಿದ್ದಿ.”

“ಹಂಗಾದ್ರ ಇನ್ ಮ್ಯಾಲ ಎಲ್ಲಾ ಸಾಮಾನು ಮೊದಲಿಗೇ ಹೇಳ್ತೀನಿ” ಎಂದಳು ತಾಜುನ್ನಿಸಾ.

ಎಲ್ಲವೂ ಮೊದಲು ಹೇಗಾಗುತ್ತದೆಂದು ಮಜೀದಸಾಬರು ಗೈಡಿನ ಮುಂದಿನ ಎರಡು ಪುಟ ಹುಡುಕಿದರೂ ಸಿಗಲಿಲ್ಲ.

ಒಂದೇ ಒಂದು ಪಾಠದಲ್ಲಿ ಮಾವ ಸೊಸೆಗೆ ಜಗಳವಾಯಿತು. ಗೈಡು ಹೇಳುತ್ತಿತ್ತು: ನೆನಪು ಕಲ್ಲಿನಲ್ಲಿ ಕೊರೆದದ್ದಲ್ಲ, ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಎಷ್ಟು ಖಚಿತವೆನಿಸಿದರೂ ಅದು ಸುಳ್ಳಿರಬಹುದು.

“ಇದು ಮಾತ್ರ ಝೂಟ್” ಎಂದರು ಮಜೀದಸಾಬರು. “ಸಂಗಮೇಶ್ವರ ನನ್ನ ಮಾರಿ ಮುಂದ ನಿಂತು ಅಂದ ಮಾತು ಇವತ್ತಿಗೂ ಕಿವ್ಯಾಗ ಅದ. ಅವ ತೊಟ್ಟ ಬಿಳಿ ಅಂಗಿ ಸೈತ ಕಣ್ಣಾಗ ಅದ.”

ಸಂಗಮೇಶ್ವರ ಕಾಳಗಿಯವನು. ಹಿಂದೆ ಲಾರಿ ಓಡಿಸುತ್ತಿದ್ದ. ಅವನೂ ಮಜೀದಸಾಬರೂ ಹದಿನೈದು ವರ್ಷ ಒಂದೇ ಲಾರಿಯಲ್ಲಿ ಫರ್ಸಿ ಹೇರಿಕೊಂಡು ಹೈದರಾಬಾದು, ಸೊಲ್ಲಾಪುರ ಸುತ್ತಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಹತ್ತೊಂಬತ್ತು ವರ್ಷದ ಹಿಂದೆ ಮಜೀದಸಾಬರ ಅಕ್ಕನ ಮಗಳ ಮದುವೆಯಲ್ಲಿ ಆಡಿದ ಒಂದು ಮಾತಿನಿಂದ ಆ ಗೆಳೆತನ ಮುರಿದುಬಿತ್ತು. ಅವನ ಹೆಸರು ಬಂದರೆ ಮನೆಯಲ್ಲಿ ಎಲ್ಲರೂ ಮಾತು ಬದಲಿಸುತ್ತಿದ್ದರು. ಆ ದಿನ ಜಬೀನಾಳೂ ಪುಟ ಬದಲಿಸಿದಳು.

ಪ್ಲಾಸ್ಟರ್ ಬಿಚ್ಚುವ ವಾರವೇ ಅವಳು ಕಲಬುರಗಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಪಾಸಾದದ್ದು ಆಮೇಲೆ ತಿಳಿಯಿತು. ಮಜೀದಸಾಬರು ಅದಕ್ಕೆ ಕಾಯಲಿಲ್ಲ. ಪರೀಕ್ಷೆಯಿಲ್ಲದೆಯೇ ತಾವು ಪಾಸಾದವರ ಹಾಗೆ, ಗೈಡನ್ನು ಬಗಲಲ್ಲಿಟ್ಟುಕೊಂಡು, ಸ್ವಲ್ಪ ಕುಂಟುತ್ತ ಕಾರ್ಖಾನೆಗೆ ಹೋದರು.

ಮೊದಲ ಪ್ರಯೋಗ ಹೊಗಳಿಕೆಯದು. ಒಳ್ಳೆಯ ಕೆಲಸಕ್ಕೆ ಕೂಡಲೇ ಮೆಚ್ಚುಗೆ ಸಿಕ್ಕರೆ ಆ ಕೆಲಸ ಹೆಚ್ಚುತ್ತದೆ ಎಂದಿತ್ತು ಗೈಡು. ಮಷೀನಿನ ಮುಂದೆ ನರಸಪ್ಪ ಕಲ್ಲು ಉಜ್ಜುತ್ತಿದ್ದ. ಹದಿನಾಲ್ಕು ವರ್ಷದಿಂದ ಉಸ್ತಾದರ ಬೈಗುಳವನ್ನು ಮಷೀನಿನ ಸಪ್ಪಳದ ಜೊತೆಗೇ ಕೇಳಿ ರೂಢಿಯಾದವನು. ಮಜೀದಸಾಬರು ಅವನ ಹೆಗಲ ಮೇಲೆ ಕೈಯಿಟ್ಟು, “ಭಾಳ ಛಂದ ಮಾಡೀದಿ ನರಸಪ್ಪ. ನಿನ್ನಂಥ ಕೈ ಈ ಶಹಾಬಾದದಾಗ ಇನ್ನೊಂದಿಲ್ಲ” ಎಂದರು.

ನರಸಪ್ಪ ಮಷೀನು ನಿಲ್ಲಿಸಿದ. ಉಸ್ತಾದರ ಮುಖ ನೋಡಿದ, ಕಾಲು ನೋಡಿದ. ಕೈ ತೊಳೆದುಕೊಂಡು ಮನೆಗೆ ಹೋದ. ಮರುದಿನ ಮುಂಜಾನೆ ಅವನ ಹೆಂಡತಿ ನಾಗರತ್ನಾ ಕಣ್ಣೀರು ಒರೆಸಿಕೊಳ್ಳುತ್ತ ಮಜೀದಸಾಬರ ಬಾಗಿಲಿಗೆ ಬಂದಳು.

“ಚಾಚಾ, ನನ್ನ ಗಂಡಂದು ಏನ್ ತಪ್ಪಾಗ್ಯಾದ? ಕೆಲಸದಿಂದ ಯಾಕ ತೆಗೀಲಿಕತ್ತೀರಿ?”

“ಯಾರಂದ್ರವ್ವ ತೆಗೀತೀನಂತ?”

“ಮತ್ತ ಹೊಗಳೀರಂತಲ್ರಿ! ರಾತ್ರಿಪೂರಾ ಅವರ ಕಣ್ಣಿಗೆ ನಿದ್ದಿ ಹತ್ತಿಲ್ಲ.”

ತಾಜುನ್ನಿಸಾ ಅವಳಿಗೆ ಚಹಾ ಕೊಟ್ಟು ಸಮಾಧಾನ ಮಾಡಿದಳು. ಮಜೀದಸಾಬರು ಕಾರ್ಖಾನೆಗೆ ಹೋಗಿ ಎಲ್ಲರ ಮುಂದೆ, “ಏ ನರಸ್ಯಾ, ನಿನ್ನೆ ಅರ್ಧಾ ದಿನ ಎಲ್ಲಿ ಸತ್ತಿದ್ದಿ?” ಎಂದು ಒದರಿದರು. ನರಸಪ್ಪನ ಮುಖಕ್ಕೆ ಕಳೆ ಬಂತು. ಆ ದಿನ ಅವನು ಇಬ್ಬರ ಕೆಲಸ ಮಾಡಿದ.

ಎರಡನೆಯದು ಗುಂಪುಗೆಲಸದ ಪ್ರಯೋಗ. ಹತ್ತು ಜನ ಕೂಡಿ ಹಗ್ಗ ಎಳೆದರೆ ಪ್ರತಿಯೊಬ್ಬನೂ ಒಬ್ಬನೇ ಎಳೆಯುವುದಕ್ಕಿಂತ ಕಡಿಮೆ ಜಗ್ಗುತ್ತಾನಂತೆ. ತನ್ನ ಪಾಲು ಬೇರೆಯಾಗಿ ಕಾಣುವುದಿಲ್ಲವಲ್ಲ. ಮಜೀದಸಾಬರಿಗೆ ಇದು ಓದಿದ ಕೂಡಲೇ ಹೌದೆನಿಸಿತ್ತು. ನಾಲ್ಕು ಜನ ಹಿಡಿದ ಕಲ್ಲಿನಡಿ ಒಬ್ಬ ಬರೀ ಮುಖ ಸೊಟ್ಟ ಮಾಡಿಕೊಂಡು ನಡೆಯುವುದನ್ನು ಅವರು ಎಷ್ಟೋ ಸಲ ನೋಡಿದ್ದರು. ಆದ್ದರಿಂದ ಪ್ರತಿಯೊಬ್ಬನೂ ತಾನು ಪಾಲಿಶ್ ಮಾಡಿದ ಕಲ್ಲಿನ ಮೇಲೆ ತನ್ನ ಹೆಸರನ್ನು ಕಾಣುವ ಹಾಗೆ ಸೀಮೆಸುಣ್ಣದಲ್ಲಿ ಬರೆಯಬೇಕೆಂದು ಹುಕುಂ ಮಾಡಿದರು.

ಕೆಲಸ ನಿಜವಾಗಿಯೂ ಏರಿತು. ಆದರೆ ಪಾಲಿಶ್ ಕೆಲಸವೆಂದರೆ ಕಲ್ಲಿನ ಮೇಲೆ ಸತತ ನೀರು ಹರಿಯುವ ಕೆಲಸ. ಬರೆದ ಹೆಸರು ಗಳಿಗೆಯಲ್ಲಿ ತೊಳೆದು ಹೋಗುತ್ತಿತ್ತು. ಮೂರು ದಿನ ಇದನ್ನು ಸಹಿಸಿದ ನರಸಪ್ಪ ನಾಲ್ಕನೆಯ ದಿನ ಕೈ ಕಟರ್ ಎತ್ತಿಕೊಂಡು, ಹೊಳೆಯುವ ಕಲ್ಲಿನ ಮೇಲೆ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಕೊರೆದ. ಅದು ಯಾರ ಕಣ್ಣಿಗೂ ಬೀಳದೆ ಉಳಿದ ಕಲ್ಲುಗಳ ಜೊತೆ ಸೇಡಮಿನ ಒಬ್ಬ ಗಿರಾಕಿಯ ಮನೆಗೆ ಹೋಯಿತು. ಎಂಟು ದಿನದ ಮೇಲೆ ಶಂಕರಲಿಂಗ ಸಾವ್ಕಾರರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡು ಬಂದರು. ಅದರೊಳಗಿಂದ ಯಾರೋ ಕೂಗುತ್ತಿದ್ದರು.

“ಯಾರ್ರೀ ಈ ನರಸಪ್ಪ? ನಮ್ಮ ದೇವರ ಮನ್ಯಾಗ ಏನ್ ಮಾಡ್ಲಿಕತ್ತಾನ?”

ಮಜೀದಸಾಬರು ನರಸಪ್ಪನನ್ನು ಮೂಲೆಗೆ ಕರೆದರು. “ಹೆಸರು ಕೊರೀಲೇಬೇಕಂದ್ರ ಹಿಂಭಾಗಕ್ಕ ಕೊರೀಬೇಕಿಲ್ಲೇನೋ?”

“ಹಿಂದ ಕೊರದರ ಸಿಮೆಂಟಿನಾಗ ಹೋಗ್ತದಲ್ರಿ ಉಸ್ತಾದ. ಕಾಣಬೇಕಂತ ನೀವೇ ಅಂದಿದ್ರಿ.”

ಅದು ಸುಳ್ಳಾಗಿರಲಿಲ್ಲ. ಇಬ್ಬರೂ ಹೊಸ ಕಲ್ಲು ಹೇರಿಕೊಂಡು ಸೇಡಮಿಗೆ ಹೋದರು. ಆ ಮನೆಯ ಮುದುಕಿ ಅಷ್ಟೂ ದಿನ ಆ ಹೆಸರಿನ ಮೇಲೆ ರಂಗೋಲಿ ಹಾಕಿ ಮುಚ್ಚಿಟ್ಟಿದ್ದಳು. ನರಸಪ್ಪನನ್ನು ಮೇಲಿಂದ ಕೆಳಗೆ ನೋಡಿ, “ನೀನೇ ಏನಪ್ಪಾ ಅಂವ? ದಿನಾ ಪೂಜಾದಾಗ ನಿನ್ನ ತುಳದು ನನಗ ಸಂಕಟ ಆಗ್ಲಿಕತ್ತಿತ್ತು” ಎಂದು ಅವನಿಗೇ ಮೊದಲು ಚಹಾ ಕೊಟ್ಟಳು. ಕಲ್ಲು ಬದಲಾಯಿತು. ತೆಗೆದ ಕಲ್ಲನ್ನು ನರಸಪ್ಪ ಮನೆಗೆ ಒಯ್ದು ಬಾಗಿಲ ಮುಂದೆ ಹಾಸಿಕೊಂಡ. ಅವರ ಓಣಿಯಲ್ಲಿ ಹೆಸರು ಹಾಕಿದ ಮನೆ ಅದೊಂದೇ.

ಇಷ್ಟಾದರೂ ಮಜೀದಸಾಬರು ಗೈಡು ಮುಚ್ಚಲಿಲ್ಲ. ಮೂರನೆಯ ಪ್ರಯೋಗ ಭೀಮಮ್ಮನ ಮಿರ್ಚಿ ಭಜಿಯದು. ಹೇಳಿದ್ದಕ್ಕಿಂತ ಹೆಚ್ಚು ಕಲ್ಲು ಮುಗಿಸಿದವರಿಗೆ ಸಂಜೆ ಎರಡು ಬಿಸಿ ಮಿರ್ಚಿ. ಹದಿನೈದು ದಿನ ಕಾರ್ಖಾನೆ ಹಾರಾಡಿತು. ಹದಿನಾರನೆಯ ದಿನ ಭೀಮಮ್ಮ ಬೀಗರ ಮನೆಗೆಂದು ಮುಧೋಳಕ್ಕೆ ಹೋದಳು. ಮಿರ್ಚಿ ಇಲ್ಲವೆಂದು ತಿಳಿದದ್ದೇ ಆಳುಗಳು ಮೊದಲು ಮಾಡುತ್ತಿದ್ದ ಕೆಲಸವನ್ನೂ ಮಾಡದೆ ಕೂತರು.

“ಮಿರ್ಚಿ ಇಲ್ಲಂದ ಮ್ಯಾಲ ಕೈನೇ ಏಳವಲ್ಲವು ಉಸ್ತಾದ” ಎಂದ ಅವರಲ್ಲಿ ಎಲ್ಲರಿಗಿಂತ ಮಾತುಗಾರನಾದ ದೇವಾನಂದ. “ಮೊದಲು ಹೆಂಗ ಏಳ್ತಿದ್ದವು ಅನ್ನೋದೇ ನೆನಪಾಗವಲ್ದು.”

ಮನೆಗೆ ಬಂದು ಸೊಸೆಗೆ ಹೇಳಿದರೆ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಬ್ಬಾ, ಅದೂ ಗೈಡಿನಾಗ ಅದ. ತಾನಾಗಿ ಮಾಡೋ ಕೆಲಸಕ್ಕ ಬಹುಮಾನ ಕೊಟ್ಟು ನಿಲ್ಲಿಸಿದ್ರ ಇದ್ದ ಹುರುಪೂ ಹೋಗ್ತದ. ನೀವು ಆ ಪುಟ ತಿರುವೇ ಇಲ್ಲ.”

ಸಾವ್ಕಾರರಿಗೂ ಸಾಕಾಗಿತ್ತು. ಒಂದು ದಿನ ಮಜೀದಸಾಬರನ್ನು ಕೂರಿಸಿಕೊಂಡು, “ಮಜೀದಭಾಯಿ, ಆ ಪುಸ್ತಕ ಮನ್ಯಾಗೇ ಇಟ್ಟು ಬರ್ರಿ. ಮೊದಲು ನೀವು ಬೈತಿದ್ರಿ, ಮಂದಿ ಕೆಲಸ ಮಾಡ್ತಿದ್ರು. ಯಾರಿಗೂ ತಕರಾರು ಇದ್ದಿಲ್ಲ” ಎಂದರು. ಮಜೀದಸಾಬರು ತಲೆ ತಗ್ಗಿಸಿ ಕೂತಿದ್ದರು. ಅಷ್ಟರಲ್ಲಿ ಕಟಿಂಗ್ ಮಷೀನಿನ ಕಡೆಯಿಂದ ಪಟ್ ಪಟ್ ಎಂದು ಸಪ್ಪಳ ಬಂತು. ಸ್ಟಾರ್ಟರಿನ ಡಬ್ಬಿಗೆ ಬೆಂಕಿ ಹತ್ತಿತ್ತು.

ಹನ್ನೊಂದೂ ಜನ ಓಡಿ ಬಂದು ಸುತ್ತ ನಿಂತರು. “ಕರೆಂಟ್ ತೆಗೀರಿ” ಎಂದ ಒಬ್ಬ. “ಹೌದು, ಕರೆಂಟ್ ತೆಗೀಬೇಕು” ಎಂದ ಇನ್ನೊಬ್ಬ. ಮಜೀದಸಾಬರಿಗೆ ತಮ್ಮ ಕಾಲಿನ ದಿನ ಕಣ್ಣ ಮುಂದೆ ಬಂತು. ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದಂತಲ್ಲ. ಅವರು ಬೆರಳು ತೋರಿಸಿ, ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರು. “ದೇವಾನಂದ, ಮೇನ್ ಇಳಸು! ನರಸಪ್ಪ, ಉಸುಕು ಹಾಕು! ಉಳದೋರು ಹಿಂದ ಸರೀರಿ!”

ಅರ್ಧ ನಿಮಿಷದಲ್ಲಿ ಬೆಂಕಿ ಆರಿತು. ನರಸಪ್ಪ ಮಾತ್ರ, ಸಾಕು ಎಂದು ಯಾರೂ ತನ್ನ ಹೆಸರು ಹಿಡಿದು ಹೇಳಲಿಲ್ಲವೆಂದು, ಇನ್ನೂ ಹತ್ತು ನಿಮಿಷ ಉಸುಕು ಹಾಕುತ್ತಲೇ ಇದ್ದ. ಮಷೀನನ್ನು ಅಗೆದು ತೆಗೆಯಬೇಕಾಯಿತು. ಆದರೂ ಸಾವ್ಕಾರರು ಪುಸ್ತಕದ ಮಾತು ಮತ್ತೆ ಎತ್ತಲಿಲ್ಲ.

ಆ ರವಿವಾರ ಮಜೀದಸಾಬರು ಊಟಕ್ಕೆ ಕೂತಾಗ ಎದೆ ಉಬ್ಬಿಸಿಕೊಂಡೇ ಇದ್ದರು. “ಗೈಡಿನಾಗ ಹೇಳಿದ್ದು ಎಲ್ಲಾ ಖರೇ ಜಬೀನಾ. ಆ ನೆನಪಿನ ಪಾಠ ಒಂದು ಬಿಟ್ಟು.”

“ಅದನ್ನೂ ಒಮ್ಮೆ ಪರೀಕ್ಷಾ ಮಾಡಿ ನೋಡ್ರಿ ಅಬ್ಬಾ. ಕೂತಲ್ಲೇ ಝೂಟ್ ಅಂದ್ರ ಹೆಂಗ?”

ತಾಜುನ್ನಿಸಾ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. ಮಜೀದಸಾಬರು ತುತ್ತು ನುಂಗಿ, ನೀರು ಕುಡಿದು, “ಹೋಗ್ತೀನಿ” ಎಂದರು. “ಕಾಳಗಿಗೆ ಹೋಗ್ತೀನಿ. ಅವನ ಬಾಯಿಲೇ ಆ ಮಾತು ಹೊರಡಸ್ತೀನಿ. ನಿಮ್ಮ ಗೈಡು ಸುಳ್ಳಂತ ತೋರಸ್ತೀನಿ.” ರಾಜಿಗೆ ಹೊರಟವರಲ್ಲ ಅವರು, ಒಂದು ಪುಸ್ತಕವನ್ನು ಸೋಲಿಸಲು ಹೊರಟವರು.

ಮರುವಾರ ರಜೆ ಹಾಕಿ, ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಕಾಳಗಿಯಲ್ಲಿ ಇಳಿದರು. ಸಂಗಮೇಶ್ವರ ಲಾರಿ ಬಿಟ್ಟು ಕಿರಾಣಿ ಅಂಗಡಿ ಹಾಕಿದ್ದನ್ನು ಯಾರೋ ಹೇಳಿದ್ದರು. ಗಲ್ಲೆಯ ಹಿಂದೆ ಬೆಳ್ಳಗಿನ ತಲೆಯ, ದಪ್ಪ ಹೊಟ್ಟೆಯ ಒಬ್ಬ ಮನುಷ್ಯ ಕೂತಿದ್ದ. ಮಜೀದಸಾಬರು ಅವನ ಅಪ್ಪನಿರಬೇಕೆಂದು ಒಂದು ಕ್ಷಣ ತಿಳಿದರು. ಆ ಮನುಷ್ಯ ಕನ್ನಡಕ ಸರಿಸಿ ನೋಡಿದ.

“ಏನ್ ಬೇಕಾಗಿತ್ರಿ?”

ಏಕವಚನದಲ್ಲೇ ಬಯ್ದುಕೊಂಡು ಬೆಳೆದ ಗೆಳೆಯನ ಬಾಯಿಂದ ಆ ‘ರಿ’ ಮುಳ್ಳಿನಂತೆ ಚುಚ್ಚಿತು.

“ಸಾಮಾನು ಬ್ಯಾಡ. ನಮ್ಮ ಅಕ್ಕನ ಮಗಳ ಲಗ್ನದಾಗ ನೀ ಏನಂದಿ, ಅದನ್ನ ಒಮ್ಮೆ ನಿನ್ನ ಬಾಯಿಲೇ ಹೇಳು. ಕೇಳಿ ಹೋಗ್ತೀನಿ.”

ಸಂಗಮೇಶ್ವರ ಎದ್ದು ನಿಂತ. “ನಾನಾ? ಅಂದಾಂವ ನೀನು!”

“ನಾನೇನಂದೆ? ಬಿಳಿ ಅಂಗಿ ತೊಟ್ಟು ಬೇವಿನ ಗಿಡದ ಕೆಳಗ ನಿಂತು, ಹೋಳಿಗಿ ಎತ್ತಿ ಹಿಡದು, ‘ಕಲ್ಲು ಒಡೆಯೋರ ಮನ್ಯಾಗ ಹೋಳಿಗಿನೂ ಫರ್ಸಿನೇ’ ಅಂದಿ. ನಾಕು ಮಂದಿ ನಕ್ಕರು.”

“ಬಿಳಿ ಅಂಗಿ ನಾ ಜನ್ಮದಾಗ ತೊಟ್ಟಿಲ್ಲ. ಲಾರಿ ಹೊಡೆಯೋನಿಗೆ ಬಿಳಿ ಅಂಗಿ ಎಲ್ಲಿಂದ ಬಂತು? ನೀನೇ ನೀರಿನ ಡ್ರಮ್ಮಿನ ಹಂತೇಕ ನಿಂತು, ನನ್ನ ಕಡೆ ಬೊಟ್ಟು ಮಾಡಿ, ‘ಲಾರಿ ಹೊಡೆಯೋರಿಗೆ ಫರ್ಸಿ ಬಡಿಸಿದ್ರೂ ಹೋಳಿಗಿ ಅಂತ ತಿಂತಾರ’ ಅಂದಿ. ಅವತ್ತೇ ನಿನ್ನ ಹೊಸ್ತಿಲ ತುಳೀಬಾರದಂತ ಆಣಿ ಮಾಡೀನಿ.”

ಎಣ್ಣೆ ಒಯ್ಯಲು ಬಂದ ಇಬ್ಬರು ಹೆಂಗಸರು ಬಾಟಲಿ ಹಿಡಿದುಕೊಂಡು ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತ ನಿಂತರು. ಮಜೀದಸಾಬರಿಗೆ ಈಗ ಸ್ವಲ್ಪ ತಲೆ ಗಿಮ್ಮೆಂದಿತು. ಎರಡು ನೆನಪಿನಲ್ಲೂ ಹೋಳಿಗೆ ಇತ್ತು, ಫರ್ಸಿ ಇತ್ತು. ಆಡಿದ ಬಾಯಿ ಮಾತ್ರ ಬೇರೆ. ಹೀಗಾದರೆ ಗೈಡನ್ನು ಸೋಲಿಸುವುದು ಹೇಗೆ? ಸಾಕ್ಷಿ ಬೇಕು.

“ಚಿತ್ತಾಪುರಕ್ಕ ನಡಿ. ಲಗ್ನದ ವಿಡಿಯೋ ಆಪಾನ ಹಂತೇಕ ಅದ.”

“ನಡಿ. ಯಾರು ಅಂಜ್ತಾರ?” ಎಂದು ಸಂಗಮೇಶ್ವರ ಅಂಗಡಿಯ ಬಾಗಿಲು ಎಳೆದುಕೊಂಡ. ಹೆಂಗಸರು ಬರಿ ಬಾಟಲಿ ಹಿಡಿದು ವಾಪಸ್ ಹೋದರು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಆಪಾ ಎಂದರೆ ಮಜೀದಸಾಬರ ಅಕ್ಕ ಸೈದಾನಬಿ, ಎಪ್ಪತ್ತರ ಹತ್ತಿರದವಳು. ಇಬ್ಬರನ್ನೂ ಒಟ್ಟಿಗೆ ಬಾಗಿಲಲ್ಲಿ ಕಂಡು, ಯಾರೋ ಸತ್ತಿದ್ದಾರೆಂದೇ ಮೊದಲು ಗಾಬರಿಯಾದಳು. ವಿಷಯ ಕೇಳಿ ಟೀವಿಗೆ ತಾನೇ ಪೆನ್‌ಡ್ರೈವ್ ಚುಚ್ಚಿದಳು. ಮಗಳ ಮದುವೆಯನ್ನು ತಿಂಗಳಿಗೊಮ್ಮೆ ನೋಡಿ ಅಳುವುದು ಅವಳಿಗೆ ರೂಢಿಯಾಗಿತ್ತು.

ವಿಡಿಯೋದಲ್ಲಿ ಮಾತೇ ಇರಲಿಲ್ಲ. ಮೊದಲಿಂದ ಕೊನೆಯತನಕ ಶಹನಾಯಿ. ಮುಖಗಳ ಸುತ್ತ ಗುಲಾಬಿ ಹೂ ಅರಳುತ್ತಿದ್ದವು, ಹೃದಯಗಳು ಹಾರುತ್ತಿದ್ದವು. ಊಟದ ಪಂಗತಿ ಬಂದಾಗ ಇಬ್ಬರೂ ಮುಂದಕ್ಕೆ ಬಾಗಿದರು. ಬೇವಿನ ಗಿಡ ಇರಲಿಲ್ಲ. ನೀರಿನ ಡ್ರಮ್ಮೂ ಇರಲಿಲ್ಲ. ಕೆಂಪು ಶಾಮಿಯಾನದ ಕೆಳಗೆ, ಸಂಗಮೇಶ್ವರನಿಗಾಗಿ ಬೇರೆ ಮಾಡಿಸಿದ ಊಟದ ಮುಂದೆ, ಚೌಕಡಿಯ ನೀಲಿ ಅಂಗಿ ತೊಟ್ಟ ಸಂಗಮೇಶ್ವರನೂ ಅವನಿಗೆ ಜೊತೆಯೆಂದು ಬಿರಿಯಾನಿ ಬಿಟ್ಟು ಅದೇ ಊಟಕ್ಕೆ ಕೂತ ಮಜೀದಸಾಬರೂ ಕಂಡರು. ಮಜೀದಸಾಬರ ಕೈ ಗೆಳೆಯನ ಹೆಗಲ ಮೇಲಿತ್ತು. ಇಬ್ಬರ ತಲೆಯೂ ಕಪ್ಪಗೆ ಹೊಳೆಯುತ್ತಿತ್ತು. ಆಗ ಹಸಿರು ಸೀರೆಯ ಸೈದಾನಬಿ ಒಳಗೆ ಬಂದಳು, ತಟ್ಟೆಯಿಂದ ಒಂದು ಹೋಳಿಗೆ ಎತ್ತಿ ಹಿಡಿದಳು, ಏನೋ ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಲೆ ಒಂದು ದೊಡ್ಡ ಗುಲಾಬಿ ಅರಳಿ ಎಲ್ಲವನ್ನೂ ಮುಚ್ಚಿತು.

ಮಾತು ಹಾಗಿರಲಿ, ಆ ಹೆಗಲ ಮೇಲಿನ ಕೈಯೇ ಮಜೀದಸಾಬರಿಗೆ ನೆನಪಿರಲಿಲ್ಲ.

“ನಾನೇ ಅಂದಿದ್ದೆ” ಎಂದಳು ಸೈದಾನಬಿ. “ಅಡಗಿಯವ ಹೋಳಿಗಿ ಕಲ್ಲಿನಂಗ ಮಾಡಿದ್ದ. ‘ಇವು ಫರ್ಸಿ ಆಗ್ಯಾವ, ಬಡಿಸೋ ಮುಂಚೆ ಪಾಲಿಶ್ ಹೊಡಸ್ರಿ’ ಅಂದೆ. ನೀವಿಬ್ರೂ ಭಾಳ ನಕ್ಕಿರಿ. ಜಗಳಾಡಿದ್ದು ಎಂಟ್ ದಿನ ಬಿಟ್ಟು, ಲಾರಿ ಹಂತೇಕ. ಯಾಕಂತ ನಂಗೊತ್ತಿಲ್ಲ. ನಿಮಗ ಗೊತ್ತದೇನು?”

ಇಬ್ಬರೂ ಯೋಚಿಸಿದರು. ಸಂಗಮೇಶ್ವರ ಮಾಡು ನೋಡಿದ, ಮಜೀದಸಾಬರು ನೆಲದ ಫರ್ಸಿ ನೋಡಿದರು. ಏನೂ ಹೊಳೆಯಲಿಲ್ಲ. ಹತ್ತೊಂಬತ್ತು ವರ್ಷದ ವೈರದ ತಳದಲ್ಲಿ ಕಾರಣವೇ ಇರಲಿಲ್ಲ.

ಕೊನೆಗೆ ಸಂಗಮೇಶ್ವರ ಮೆಲ್ಲಗೆ, “ಆಪಾ, ನೀವು ಅಂದಿರಲಿಕ್ಕಿಲ್ಲ ಬಿಡ್ರಿ” ಎಂದ.

“ಹೌದು ಆಪಾ” ಎಂದರು ಮಜೀದಸಾಬರು ಕೂಡಲೇ. “ವಯಸ್ಸಾಗ್ಯಾದ, ನಿಮಗ ಮರ್ತದ. ನನಗ ಸ್ವಚ್ಛ ನೆನಪದ.”

“ನನಗೂ ಸ್ವಚ್ಛ ನೆನಪದ” ಎಂದ ಸಂಗಮೇಶ್ವರ. “ವಿಡಿಯೋದವರು ಎಲ್ಲಾ ಎಲ್ಲಿ ಹಿಡೀತಾರ? ಅರ್ಧಾ ಗುಲಾಬಿ ಹೂವಿನಾಗೇ ಹೋಗ್ತದ.”

“ಅದೇ ಅಂತೀನಿ ನಾನೂ” ಎಂದರು ಮಜೀದಸಾಬರು.

ಸೈದಾನಬಿ ಅವರಿಬ್ಬರನ್ನೂ ನೋಡಿದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಆಮೇಲೆ ರೊಟ್ಟಿ, ಪುಂಡಿಪಲ್ಯ ಮಾಡಿ, ಒಂದೇ ದೊಡ್ಡ ತಟ್ಟೆಯಲ್ಲಿ ಇಟ್ಟಳು. ಎರಡನೆಯ ತಟ್ಟೆ ತರಲು ಅವಳೂ ಏಳಲಿಲ್ಲ, ಅವರೂ ಕೇಳಲಿಲ್ಲ.

ಸಂಜೆ ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಹಳ ಗದ್ದಲವಿತ್ತು. ಕಾಳಗಿಯ ಬಸ್ಸು ಒಳಗೆ ತಿರುಗಿದ್ದೇ ಜನ ಬಾಗಿಲಿಗೆ ಮುತ್ತಿದರು. ಸಂಗಮೇಶ್ವರ ಹೊಟ್ಟೆ ಹಿಡಿದುಕೊಂಡು ಹಿಂದೆಯೇ ಉಳಿದ. ಮಜೀದಸಾಬರು ಹೆಗಲ ಮೇಲಿನ ಟಾವೆಲ್ ತೆಗೆದು, ಕುಂಟುಗಾಲಿನಲ್ಲೇ ಓಡಿ, ಕಿಟಕಿಯೊಳಗಿಂದ ಒಂದು ಸೀಟಿನ ಮೇಲೆ ಎಸೆದರು.

“ಏ, ಸೀಟ್ ಹಿಡದೀನಿ! ನಿಂತು ಹೋಗಬ್ಯಾಡ, ನಿನ್ನ ವಯಸ್ಸಿಗೆ ಆಗಲ್ಲ!”

“ನಿನಗಿಂತ ಎರಡು ತಿಂಗಳು ಸಣ್ಣಾಂವ ಅದೀನಿ ನಾ!” ಎಂದು ಸಂಗಮೇಶ್ವರ ಏರಿ, ಟಾವೆಲ್ ಎತ್ತಿ, ಕೂತ. ಇಬ್ಬ‌ರಿಗೂ ಇನ್ನೇನೋ ಹೇಳುವುದಿತ್ತು. ಬಸ್ಸು ಹೊರಟುಬಿಟ್ಟಿತು.

ಮನೆಗೆ ಬಂದಾಗ ಜಬೀನಾ ಬಾಗಿಲಲ್ಲೇ ನಿಂತಿದ್ದಳು. “ಅಬ್ಬಾ, ಏನಾಯ್ತು? ಗೈಡು ಖರೇನೋ ಸುಳ್ಳೋ?”

“ಇನ್ನಾ ಪರೀಕ್ಷಾ ಮುಗದಿಲ್ಲ” ಎಂದರು ಮಜೀದಸಾಬರು, ಚಪ್ಪಲಿ ಬಿಚ್ಚುತ್ತ.

ತಾಜುನ್ನಿಸಾ ಅವರ ಹೆಗಲ ಕಡೆ ನೋಡಿದಳು. “ಟಾವೆಲ್ ಎಲ್ಲಿ ಬಿಟ್ಟು ಬಂದ್ರಿ?”

“ಕಾಳಗಿಗೆ ಹೋಗ್ಯಾದ” ಎಂದರು ಅವರು. “ಈ ರವಿವಾರ ಹೋಗಿ ತರಬೇಕು. ನೀನೂ ನಡಿ.”